ದ್ಯಾಮಕ್ಕ ಪೆಟ್ಟಿಗೆಗೆ ಹೆಪ್ಪು ತಂದದ್ದು

ಯಾವ ಯಂತ್ರ ಕೈಗೆ ಬಂದರೂ ಬೆಸುಗೆ ದ್ಯಾಮಕ್ಕ ಮೊದಲು ಅದರ ಬೆನ್ನ ಮೇಲೆ ಅಂಗೈ ಇಟ್ಟು, "ಊಟ ಆಯ್ತೇನವ್ವ?" ಎಂದು ಕೇಳುತ್ತಿದ್ದಳಂತೆ. ರೇಡಿಯೊ ಆಗಲಿ, ಮಿಕ್ಸಿ ಆಗಲಿ, ಕಂಡಕ್ಟರನ ಟಿಕೆಟ್ ಮೆಷಿನ್ ಆಗಲಿ, ಆ ಮಾತು ಕೇಳದೆ ಒಂದು ಸ್ಕ್ರೂ ತಿರುಗಿಸಿದವಳಲ್ಲ. ನೋಡುತ್ತ ನಿಂತವರಿಗೆ ನಗು. ಅವಳು ಕೇಳುತ್ತಿದ್ದದ್ದು ಕರೆಂಟಿನ ವಿಚಾರ. ಒಳಗೆ ಕರೆಂಟು ಸರಿಯಾಗಿ ಹೋಗುತ್ತಿದೆಯೋ ಇಲ್ಲವೋ ಎಂದು ಮೀಟರಿನ ಎರಡು ಮುಳ್ಳು ಚುಚ್ಚಿ ನೋಡಿ, ಆಮೇಲೆ ಮಿಕ್ಕ ಮಾತು. "ಹಸಿದ ಎತ್ತನ್ನ ಕುಂಟು ಅಂತ ಹೊಡೆಯೋರೇ ಲೋಕದಾಗೆ ಬಾಳ ಜನ" ಅನ್ನುತ್ತಿದ್ದಳಂತೆ.

ಇದು ಎಷ್ಟು ವರ್ಷದ ಹಿಂದಿನದು ಎಂದು ಕೇಳಬೇಡಿ. ಕೇಳಿದರೂ ಹೇಳುವವರಿಲ್ಲ. ಹುಲ್ಲುಗಟ್ಟೆ ಅಂತ ಒಂದು ಊರು, ಆ ಊರಿಗೆ ಒಂದು ಕೆರೆ, ದಿನಕ್ಕೆ ಎರಡೇ ಬಸ್ಸು, ಅಂಥ ಕಾಲ. ದ್ಯಾಮಕ್ಕ ಯಾವ ಊರಿನವಳೋ ಯಾರಿಗೂ ಗೊತ್ತಿರಲಿಲ್ಲ. ಒಂದು ತಗಡಿನ ಟ್ರಂಕು, ಅದರೊಳಗೆ ಬೆಸುಗೆ ಕಡ್ಡಿ, ಮೀಟರು, ಕೀಲು ಮುರಿದ ಲ್ಯಾಪ್‌ಟಾಪು. ಟ್ರಂಕು ಬಸ್ಸಿನ ಮೇಲೆ, ಅವಳು ಬಸ್ಸಿನ ಒಳಗೆ, ಹೀಗೆ ಊರೂರು ತಿರುಗುತ್ತಿದ್ದಳಂತೆ. ಬಾವಿಗೆ ಬಿದ್ದು ಮೂರು ದಿನ ನೀರು ಕುಡಿದ ರೇಡಿಯೊವನ್ನು ಅವಳು ಅಕ್ಕಿ ಮೂಟೆಯಲ್ಲಿ ಮಲಗಿಸಿ ನಾಲ್ಕನೇ ದಿನ ಹಾಡಿಸಿದಳು ಅನ್ನುತ್ತಾರೆ. ಅದು ಆಮೇಲೆ ಮಳೆ ಬರುವ ಹಿಂದಿನ ದಿನ ಮಾತ್ರ ಹಾಡುತ್ತಿತ್ತು ಅಂತಲೂ ಅನ್ನುತ್ತಾರೆ. ನಂಬುವವರು ನಂಬಲಿ. ಆದರೆ ಪಾಲಯ್ಯನ ಪೆಟ್ಟಿಗೆಯ ವಿಷಯ ಮಾತ್ರ ಕಂಡವರು ಹೇಳಿದ್ದು.

ಪಾಲಯ್ಯ ಹುಲ್ಲುಗಟ್ಟೆಯ ಸೀರಿಯಲ್ ಸೆಟ್ಟಿನ ಯಜಮಾನ. ಮದುವೆಗೆ, ಉರುಸಿಗೆ, ಗಣಪತಿಗೆ, ಸುತ್ತ ನಲವತ್ತು ಹಳ್ಳಿಗೆ ಅವನದೇ ದೀಪ. ಸುಮ್ಮನೆ ಮಿಣುಕುವ ದೀಪವಲ್ಲ, ಕುಣಿಯುವ ದೀಪ. ಎರಡಾಳೆತ್ತರದ ಚೌಕಟ್ಟಿನಲ್ಲಿ ನಲವತ್ತು ಹಲಗೆ, ಹಲಗೆ ತುಂಬ ಬಣ್ಣದ ಬುರುಡೆ, ಆ ಬುರುಡೆಗಳಲ್ಲಿ ನವಿಲು ಗರಿ ಬಿಚ್ಚುತ್ತಿತ್ತು. ಯಾವ ಬುರುಡೆ ಯಾವಾಗ ಉರಿಯಬೇಕು, ಯಾವಾಗ ಆರಬೇಕು ಎಂಬುದನ್ನು ಹಲಗೆಗೊಂದರಂತೆ ಒಂದು ಚಿಪ್ ನೆನಪಿಟ್ಟುಕೊಳ್ಳುತ್ತಿತ್ತು. ಆ ಚಿಪ್ಪುಗಳಿಗೆ ಪಾಠ ಬರೆಯುವುದಕ್ಕೆ ಪಾಲಯ್ಯನ ಮನೆಯಲ್ಲಿ ಪ್ರೋಗ್ರಾಮರ್ ಅನ್ನುವ ಒಂದು ದೊಡ್ಡ ಯಂತ್ರ ಇತ್ತು. ಹಾರ್ಮೋನಿಯಮ್ಮಿನಷ್ಟು ದಪ್ಪ, ಮುಂದುಗಡೆ ಅಕ್ಷರ ಮೂಡುವ ಒಂದು ಪಟ್ಟಿ. ಊರಿನವರು ಅದನ್ನು ಬರೆಯೋ ಪೆಟ್ಟಿಗೆ ಅನ್ನುತ್ತಿದ್ದರು. ಅದನ್ನು ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು. ಆ ಸೀಮೆಗೆಲ್ಲ ಅಂಥ ಪೆಟ್ಟಿಗೆ ಎರಡೇ ಎರಡು. ಒಂದು ಪಾಲಯ್ಯನದು. ಇನ್ನೊಂದು ಮೇಗಳಪೇಟೆಯ ಖಾಸಿಂ ಸಾಬರದು.

ಈ ಎರಡು ಪೆಟ್ಟಿಗೆಗಳ ಯಜಮಾನರು ಮಾತು ಬಿಟ್ಟು ಹನ್ನೆರಡು ವರ್ಷ. ನನ್ನ ನವಿಲು ಕದ್ದ ಅಂತ ಇವನು, ನನ್ನ ನವಿಲು ಕದ್ದ ಅಂತ ಅವರು.

ಆ ವರ್ಷ ಪಾಲಯ್ಯನ ಮನೆಗೆ ಹೊನ್ನೂರಿ ಎಂಬ ಸೊಸೆ ಬಂದಿದ್ದಳು. ಗಂಡ ಸೆಟ್ಟಿನ ಲಾರಿಯ ಜೊತೆ ಯಾವುದೋ ದೂರದ ಊರಿನ ಮದುವೆಗಳಿಗೆ ಹೋಗಿದ್ದ. ಹೊನ್ನೂರಿಯದು ಮಾತು ಕಮ್ಮಿ, ಕೈಗೆಲಸ ಜಾಸ್ತಿ. ಅವಳು ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಬಿಡುತ್ತಿದ್ದರೆ ಹಾಲಿನವನು ಸೈಕಲ್ ಇಳಿದು ಸುತ್ತಿಕೊಂಡು ಹೋಗುತ್ತಿದ್ದನಂತೆ. ಆ ಚುಕ್ಕಿಗಳನ್ನು ನೋಡಿ ನೋಡಿ ಪಾಲಯ್ಯ ಒಂದು ದಿನ ಚೌಕುಳಿ ಹಾಳೆ ತಂದು ಅವಳ ಮುಂದೆ ಇಟ್ಟ. ಕೆರೆ ಅವತ್ತಿಗೆ ಮುಕ್ಕಾಲು ತುಂಬಿತ್ತು. ಒಂಬತ್ತು ವರ್ಷದ ಮೇಲೆ ಕೋಡಿ ಬೀಳುವ ಲಕ್ಷಣ. ತುಂಬಿದ ಕೆರೆ ಉಕ್ಕಿ ಹರಿಯುವ ದಿನ ಏರಿಯ ಮೇಲೆ ಹೊಸ ಚಿತ್ರ ಕುಣಿಸುತ್ತೇನೆಂದು ಅವನು ಊರಿನವರ ಮುಂದೆ ವೀಳ್ಯ ಹಿಡಿದು ಬಂದಿದ್ದ. "ಮೀನು ಬೇಕವ್ವ. ನೀರಿಂದ ಮೇಲಕ್ಕೆ ಹಾರಬೇಕು, ಬಳುಕಿ ಬೀಳಬೇಕು. ಮಾಡ್ತೀಯ?" ಅಂದ. ಹೊನ್ನೂರಿ ತಲೆಯಾಡಿಸಿದಳು. ಹದಿನೈದು ದಿನ ಕೂತು ನಲವತ್ತು ಹಲಗೆಯ ಲೆಕ್ಕಕ್ಕೆ ಮೀನು ಬರೆದಳು.

ಅಷ್ಟರಲ್ಲಿ ದಸರೆ ಬಂತು. ಮನೆಗೆ ಸುಣ್ಣ ಹೊಡೆಯಬೇಕೆಂದು ಸಾಮಾನೆಲ್ಲ ಮಾಳಿಗೆ ಮೇಲೆ ಹೋಯಿತು. ಆಯುಧಪೂಜೆಗೆ ಪೆಟ್ಟಿಗೆ ಒಳಗೂ ಹೊರಗೂ ಫಳಫಳ ಅನ್ನಬೇಕು ಅಂತ ಪಾಲಯ್ಯ ಹೇಳಿದ್ದ. ಹೊನ್ನೂರಿ ಈಳಿಗೆಯ ಮೊನೆಯಲ್ಲಿ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ಒಳಗೆ ಧೂಳು, ಸತ್ತ ಇರುವೆ, ಜೇಡರ ಬಲೆ. ಬಣ್ಣದ ಕುಂಚದಲ್ಲಿ ಎಲ್ಲ ಗುಡಿಸಿದಳು. ನಡುವೆ ಒಂದು ಚಿಪ್ಪಿನ ಬೆನ್ನಿಗೆ ಅಂಚು ಸುರುಳಿಯಾದ ಕೊಳಕು ಚೀಟಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಕಿತ್ತಳು. ಕೆಳಗೆ ಏನು ನೋಡುತ್ತಾಳೆ, ಕಡಲೆಬೇಳೆಯಷ್ಟು ಒಂದು ಗಾಜಿನ ಕಿಟಕಿ. ಕಿಟಕಿಯೊಳಗೆ ಚಿನ್ನದ ಎಳೆಗಳು. ಇಷ್ಟು ಚಂದದ್ದನ್ನು ಯಾಕೆ ಮುಚ್ಚಿಟ್ಟರೋ ಅನ್ನಿಸಿತು ಅವಳಿಗೆ. ಮುಚ್ಚಳ ಹಾಕದೆ, ಹೊಳೆಯಲಿ ಅಂತ ಬಿಸಿಲಿಗೆ ತಿರುಗಿಸಿ ಇಟ್ಟಳು. ಆ ಒಂಬತ್ತು ದಿನ ಮಳೆ ಬಿಡುವು ಕೊಟ್ಟಿತ್ತು. ಬಿಸಿಲು ಕಾದ ಹೆಂಚಿನಂತಿತ್ತು. ಪೂಜೆಯ ದಿನ ಆ ಗಾಜಿನ ಮೇಲೆ ಮೂರು ಎಳೆ ವಿಭೂತಿ ಇಟ್ಟು, ಕುಂಕುಮ ಹಚ್ಚಿ, ಮುಚ್ಚಳ ಬಿಗಿದಳು.

ಪೂಜೆ ಮುಗಿಸಿ ಪಾಲಯ್ಯ ಸ್ವಿಚ್ ಒತ್ತಿದ. ಮುಂದಿನ ಪಟ್ಟಿಯಲ್ಲಿ ಅಕ್ಷರ ಮೂಡಲಿಲ್ಲ. ಇಟ್ಟಿಗೆ ಜೋಡಿಸಿದ ಹಾಗೆ ಒಂದು ಸಾಲು ಕಪ್ಪು ಚೌಕ ಮೂಡಿ ನಿಂತಿತು. ಆರಿಸಿ ಒತ್ತಿದ. ಅದೇ ಇಟ್ಟಿಗೆ. ತೆಂಗಿನಕಾಯಿ ಒಡೆದು ಒತ್ತಿದ. ಅದೇ ಇಟ್ಟಿಗೆ.

ಆ ಮನೆಯಲ್ಲಿ ಪಾಲಯ್ಯನ ಅಕ್ಕ ಬೋರಕ್ಕ ಇದ್ದಳು. ಅವಳ ಬಾಯಿ ಆ ಊರಿನ ಮೂರನೇ ಬಸ್ಸು, ಎಲ್ಲ ಮನೆಗೂ ನಿಲ್ಲುತ್ತಿತ್ತು. "ಕಾಲಿಟ್ಟು ಮೂರು ತಿಂಗಳಾಗಿಲ್ಲ, ದೀಪದ ಮನೆ ದೀಪಾನೇ ಆರ್ತು. ಕಾಲ್ಗುಣ ಅಂದ್ರೆ ಸುಮ್ನೇನಾ?" ಅಂದಳು. ಅಂದದ್ದು ನಲ್ಲಿಯ ಹತ್ತಿರ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಅದೇ ಮಾತು. ಸಂಜೆಗೆ ಬೋರಕ್ಕ ತೀರ್ಮಾನವನ್ನೂ ಮಾಡಿದಳು: ಕೋಡಿ ಬೀಳುವುದರೊಳಗೆ ಪೆಟ್ಟಿಗೆ ಎದ್ದರೆ ಸರಿ, ಏಳದಿದ್ದರೆ ಹುಡುಗಿ ಒಂದು ವರ್ಷ ತವರಿಗೆ ಹೋಗಿ ಇರಲಿ, ಕಾಲ್ಗುಣ ತೊಳೆದುಕೊಂಡು ಬರಲಿ. ಪಾಲಯ್ಯ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪೆಟ್ಟಿಗೆಯ ಮುಂದೆ ಕೂತೇ ಇದ್ದ.

ಹೊನ್ನೂರಿಗೆ ತವರಿಗೆ ಹೋಗುವುದೇನು ಕಷ್ಟವಲ್ಲ. ಅಲ್ಲಿ ಅವಳ ಹಿಂದೆ ಇನ್ನೂ ಇಬ್ಬರು ತಂಗಿಯರಿದ್ದರು. ಅಕ್ಕನ ಕಾಲು ಕೆಟ್ಟದ್ದು ಅಂದರೆ ತಂಗಿಯರ ಕಾಲನ್ನು ಯಾರು ಒಳಗೆ ಕರೆಯುತ್ತಾರೆ? ಕಿತ್ತ ಚೀಟಿಯ ನೆನಪು ಅವಳಿಗೆ ಒಂದು ಗಳಿಗೆಯೂ ಬರಲಿಲ್ಲವಂತೆ. ಪೆಟ್ಟಿಗೆಯನ್ನು ಅಷ್ಟು ಪ್ರೀತಿಯಿಂದ ಗುಡಿಸಿದ್ದೆನಲ್ಲ, ಯಾಕೆ ಮುನಿಸಿಕೊಂಡಿತು ಎಂದೇ ಅವಳ ಸಂಕಟ.

ಮಳೆ ಮತ್ತೆ ಹಿಡಿದು, ಕೆರೆ ಕೋಡಿಗೆ ಮೂರು ಗೇಣು ಬಾಕಿ ಇದ್ದಾಗ ದ್ಯಾಮಕ್ಕ ಬೆಳಗಿನ ಬಸ್ಸಿನಿಂದ ಇಳಿದಳು. ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ. ಕೆಟ್ಟು ನಿಂತ ಯಂತ್ರದ ನಿಟ್ಟುಸಿರು ಅವಳಿಗೆ ಹತ್ತು ಹರದಾರಿ ದೂರಕ್ಕೂ ಕೇಳುತ್ತಿತ್ತು ಅನ್ನುತ್ತಾರೆ. ಬಂದವಳು ಪೆಟ್ಟಿಗೆಯ ಬೆನ್ನ ಮೇಲೆ ಕೈಯಿಟ್ಟು ಕೇಳಬೇಕಾದ್ದನ್ನು ಕೇಳಿದಳು, ಮುಳ್ಳು ಚುಚ್ಚಿ ನೋಡಿದಳು. "ಊಟ ಚೆನ್ನಾಗೇ ಆಗೈತೆ. ತಲೇನೇ ಓಡ್ತಿಲ್ಲ" ಅಂದಳು.

ಮುಚ್ಚಳ ಬಿಚ್ಚಿದಳು. ವಿಭೂತಿ ಕಂಡಿತು. ಸೆರಗಿನ ತುದಿಯಿಂದ ಒರೆಸಿದಳು. ಗಾಜು ಕಂಡಿತು. ಗಾಜಿನ ಸುತ್ತ ಉಳಿದಿದ್ದ ಅಂಟಿನ ಕಲೆಯನ್ನು ದ್ಯಾಮಕ್ಕ ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಆ ಚಿಪ್ಪನ್ನು ಮೆಲ್ಲಗೆ ಮೀಟಿ ತೆಗೆದು, ಟ್ರಂಕಿನಿಂದ ಒಂದು ಪುಟಾಣಿ ವಸ್ತು ಹೊರತೆಗೆದಳು. ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು, ಒಂದು ಸಣ್ಣ ಹಿಡಿ, ಒಂದು ಯುಎಸ್‌ಬಿ ವೈರು. ಎಲ್ಲೋ ಭಾನುವಾರದ ಸಂತೆಯಲ್ಲಿ ಎರಡು ನಾಟಿಕೋಳಿಯ ಬೆಲೆಗೆ ಕೊಂಡದ್ದು. ಅದೂ ಪ್ರೋಗ್ರಾಮರೇ. ಬೋರಕ್ಕ ಬಾಗಿಲಲ್ಲಿ ನಿಂತು, ಆನೆಗೆ ಇಲಿ ಮದ್ದು ಅರೆಯುತ್ತಂತೆ ಅಂತ ನಕ್ಕಳು. ದ್ಯಾಮಕ್ಕ ಚಿಪ್ಪನ್ನು ಅದರೊಳಗೆ ಕೂರಿಸಿ, ಹಿಡಿ ಒತ್ತಿ, ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಓದಿಸಿದಳು. ತೆರೆಯ ಮೇಲೆ ಮೇಲಿಂದ ಕೆಳಗೆ ಒಂದೇ ಅಕ್ಷರ. ಎಫ್, ಎಫ್, ಎಫ್, ಎಫ್. ಕೊನೆಯ ತನಕ ಬರೀ ಎಫ್.

"ತೊಳೆದ ಸ್ಲೇಟು. ಪೆಟ್ಟಿಗೆ ತನ್ನ ಪಾಠಾನೇ ಮರ್ತೈತೆ" ಅಂದಳು.

ಪಾಲಯ್ಯನಿಗೆ ಇದು ಹೊಸ ಮಾತು. ಹಲಗೆಯ ಚಿಪ್ಪುಗಳನ್ನು ಅಳಿಸುವುದಕ್ಕೆ ಅವನ ಹತ್ತಿರವೇ ನೇರಳೆ ದೀಪದ ಒಂದು ಡಬ್ಬಿ ಇತ್ತು. ಗಾಜಿನ ಕಿಟಕಿಗೆ ಆ ಬೆಳಕು ಬಿದ್ದರೆ ಬರೆದದ್ದು ಅಳಿಸುತ್ತದೆ, ಸೂರ್ಯನೂ ನಿಧಾನಕ್ಕೆ ಅದೇ ಕೆಲಸ ಮಾಡುತ್ತಾನೆ, ಅದಕ್ಕೇ ಕಿಟಕಿಗೆ ಚೀಟಿ ಅಂಟಿಸುವುದು ಎಂದು ಅವನಿಗೆ ಗೊತ್ತು. ಆದರೆ ಎಲ್ಲರಿಗೂ ಬರೆಯುವ ಪೆಟ್ಟಿಗೆಯ ಹೊಟ್ಟೆಯಲ್ಲೂ ಅಂಥದೇ ಒಂದು ಚಿಪ್ ಇರುತ್ತದೆ, ಅದಕ್ಕೂ ಯಾರೋ ಬರೆದಿರುತ್ತಾರೆ ಎಂಬುದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ. "ಇದಕ್ಕೆ ಬಿಸಿಲೆಲ್ಲಿ ಬಿತ್ತು?" ಅಂದ.

ಒಲೆಯ ಹತ್ತಿರ ನಿಂತಿದ್ದ ಹೊನ್ನೂರಿಯ ಕೈಯಿಂದ ಸೌಟು ಜಾರಿತು. ದ್ಯಾಮಕ್ಕ ಆ ಸದ್ದಿನ ಕಡೆ ಒಂದು ಸಲ ನೋಡಿದಳು. ಹುಡುಗಿಯ ಉಗುರು ನೋಡಿದಳು. "ವಯಸ್ಸಾದೋರಿಗೆ ಮರೆವು ಬರಲ್ವೇನಪ್ಪ" ಅಂತ ಮಾತು ಹೊರಳಿಸಿದಳು. ಹೊನ್ನೂರಿಗೆ ಜೀವ ಬಂತು. ಬಂದ ಜೀವ ಹಿಂದೆಯೇ ಚುಚ್ಚಿತು ಕೂಡ.

ಪಾಲಯ್ಯ ಕೇಳಿದ, ಈ ಪುಟಾಣಿಯಿಂದಲೇ ನಲವತ್ತು ಹಲಗೆಗೆ ಮೀನು ಬರೆಯಬಹುದಲ್ಲ ಅಂತ. ಆಗುವುದಿಲ್ಲ ಅಂದಳು ದ್ಯಾಮಕ್ಕ. ಹಲಗೆಯ ಚಿಪ್ಪುಗಳು ಹಳೇ ಕಾಲದ ಒರಟು ಜಾತಿ. ಬರೆಸಿಕೊಳ್ಳಬೇಕಾದರೆ ಇಪ್ಪತ್ತೈದು ವೋಲ್ಟಿನ ಗುದ್ದು ಬೇಕು, ಪುಟಾಣಿಗೆ ಅಷ್ಟು ತೋಳಿಲ್ಲ. ಆದರೆ ಪೆಟ್ಟಿಗೆಯ ಹೊಟ್ಟೆಯ ಚಿಪ್ ಅದಕ್ಕಿಂತ ಮೆತ್ತನೆಯದು. ಆ ಒಂದನ್ನು ಪುಟಾಣಿ ಬರೆಯಬಲ್ಲದು. ಪುಟಾಣಿ ದೊಡ್ಡದನ್ನು ಎಬ್ಬಿಸಿದರೆ, ದೊಡ್ಡದು ನಲವತ್ತನ್ನೂ ಎಬ್ಬಿಸುತ್ತದೆ. "ಬರೆಯೋಕೆ ನಾನಿದ್ದೀನಿ. ಏನು ಬರೀಬೇಕು ಅನ್ನೋದು ಬೇಕಲ್ಲ. ಇದರ ಒಡಹುಟ್ಟಿದ್ದು ಎಲ್ಲೈತೆ?"

ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಎಲ್ಲರ ಕಣ್ಣೂ ಪಾಲಯ್ಯನ ಕಡೆ ತಿರುಗಿತು.

ಪಾಲಯ್ಯ ಎದ್ದು ನಿಂತು, ಚೌಕಟ್ಟನ್ನು ಗುಜರಿಗೆ ಹಾಕಿದರೂ ಹಾಕಿಯೇನು, ಆ ನವಿಲುಗಳ್ಳನ ಹೊಸ್ತಿಲಿಗೆ ನನ್ನ ಕಾಲು ಹೋಗುವುದಿಲ್ಲ ಅಂದ. ಆಗ, ಆ ಮನೆಗೆ ಬಂದ ಮೇಲೆ ಮೊದಲ ಸಲ, ಹೊನ್ನೂರಿ ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳಂತೆ.

"ನಿಮ್ಮ ಕಾಲು ಬ್ಯಾಡ ಮಾವಯ್ಯ. ನನ್ನ ಕಾಲು ಹೆಂಗೂ ಕೆಟ್ಟದ್ದಂತಲ್ಲ, ಅದನ್ನೇ ಕಳಿಸ್ತೀನಿ."

ದ್ಯಾಮಕ್ಕ ಕೈಯಲ್ಲಿದ್ದ ಸ್ಕ್ರೂ ಬೀಳಿಸಿಕೊಂಡು ನಕ್ಕಳು. ಹೊನ್ನೂರಿಯ ಧೈರ್ಯಕ್ಕೆ ಒಂದು ಕಾರಣವಿತ್ತು. ಅವಳಿಗೆ ಆ ಹೊತ್ತಿಗೆ ಹೊಳೆದದ್ದು ತವರಿನ ಅಡುಗೆಮನೆ. ಮೊಸರು ಹುಳಿತು ಹೋಗಿ ಹೆಪ್ಪು ಕೆಟ್ಟರೆ ಅವರ ಕೇರಿಯಲ್ಲಿ ಯಾರೂ ಅಳುತ್ತ ಕೂರುವುದಿಲ್ಲ. ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತಾರೆ. ಒಂದು ಚಮಚ ಕೊಟ್ಟರೆ ಕೊಟ್ಟವರ ಗಡಿಗೆ ಬರಿದಾಗುವುದಿಲ್ಲ, ತಂದವರ ಗಡಿಗೆ ಬೆಳಗಾಗುವುದರೊಳಗೆ ತುಂಬುತ್ತದೆ. ಜಗಳವಾಡಿದ ಮನೆಗೂ ಹೆಪ್ಪು ಇಲ್ಲ ಅನ್ನಬಾರದು ಅಂತ ಅವಳ ಅಜ್ಜಿ ಹೇಳುತ್ತಿದ್ದಳು. ಪೆಟ್ಟಿಗೆಯ ಪಾಠವೂ ಹಾಗೇ ಅಲ್ಲವಾ ಅಂತ ದಾರಿಯಲ್ಲಿ ಮೆಲ್ಲಗೆ ದ್ಯಾಮಕ್ಕನನ್ನು ಕೇಳಿದಳು. ದ್ಯಾಮಕ್ಕ, ಈ ವಿದ್ಯೆಗೆ ಇಷ್ಟು ಚೊಕ್ಕ ಮಾತು ಇಪ್ಪತ್ತು ವರ್ಷದಲ್ಲಿ ಕೇಳಿರಲಿಲ್ಲ ಅಂದಳಂತೆ. ಹೊನ್ನೂರಿ ಒಂದು ಹಿತ್ತಾಳೆ ಬಟ್ಟಲನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಬರಿಗೈಯಲ್ಲಿ ಕೇಳಲು ಹೋಗುವುದು ಅವಳಿಗೆ ಗೊತ್ತಿರಲಿಲ್ಲ.

ಎರಡನೇ ಬಸ್ಸು ಮೇಗಳಪೇಟೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಖಾಸಿಂ ಸಾಬರು ಜಗುಲಿಯ ಮೇಲೆ ಬುರುಡೆ ಸರ ಬಿಡಿಸುತ್ತ ಕೂತಿದ್ದರು. ಬಂದವರು ಯಾರ ಮನೆಯವರೆಂದು ತಿಳಿದದ್ದೇ, "ನವಿಲು ಕದ್ದದ್ದಾಯ್ತು, ಈಗ ಗೂಡಿಗೇ ಬಂದ್ರಾ?" ಅಂದರು. ದ್ಯಾಮಕ್ಕ ವಿಷಯ ಬಿಡಿಸಿ ಹೇಳಿದಳು. ನವಿಲು ಬೇಡ, ಹಂಸ ಬೇಡ, ನಿಮ್ಮ ಯಾವ ಚಿತ್ರವೂ ಬೇಡ, ಪೆಟ್ಟಿಗೆ ಹೊಟ್ಟೆಯ ಒಂದು ಚಿಪ್ಪನ್ನು ನಿಮ್ಮ ಕಣ್ಣ ಮುಂದೆಯೇ ಓದಿಕೊಂಡು ವಾಪಸ್ ಕೂರಿಸುತ್ತೇನೆ ಅಂದಳು. ಸಾಬರು ತಲೆ ಅಲ್ಲಾಡಿಸಿದರು. ಹಲ್ಲು ಕಿತ್ತ ಹಾಗೆ ಚಿಪ್ ಕೀಳುತ್ತೀರಿ, ಆಮೇಲೆ ನನ್ನದೂ ಮಲಗಿದರೆ ಪಾಲಯ್ಯನಿಗೆ ಹಬ್ಬ ಅಂದರು. ಅದೂ ನ್ಯಾಯವೇ.

ಒಳಗಿನಿಂದ ಎಲೆಅಡಿಕೆ ಕುಟ್ಟುವ ಸದ್ದು ನಿಂತಿತು. ಸಾಬರ ತಾಯಿ ಜೈನಬಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ತೊಂಬತ್ತರ ಆಸುಪಾಸಿನ ಮುದುಕಿ. ಅವರ ಕಣ್ಣಿಗೆ ಚಿಪ್ ಬೀಳಲಿಲ್ಲ, ಪ್ರೋಗ್ರಾಮರ್ ಬೀಳಲಿಲ್ಲ, ಹುಡುಗಿಯ ಕೈಯ ಬಟ್ಟಲು ಬಿತ್ತು.

"ಹೆಪ್ಪಿಗೆ ಬಂದಿದ್ದೀಯೇನವ್ವ?"

"ಹೂಂ ಅಮ್ಮ. ನಮ್ಮನೇದು ಕೆಟ್ಟೈತೆ."

"ಹೆಂಗೆ ಕೆಟ್ತು?"

ದ್ಯಾಮಕ್ಕ ಮುದಿ ಪೆಟ್ಟಿಗೆಯ ಮರೆವಿನ ಕಥೆ ತೆಗೆಯಲು ಬಾಯಿ ತೆರೆದಿದ್ದಳು. ಹೊನ್ನೂರಿ ಅದಕ್ಕೆ ಮೊದಲೇ ಹೇಳಿಬಿಟ್ಟಳು. ಚೀಟಿ ಕಿತ್ತವಳು ನಾನೇ. ಬಿಸಿಲಿಗೆ ಇಟ್ಟವಳು ನಾನೇ. ಒಂಬತ್ತು ದಿನ. ಚಂದ ಕಾಣಲಿ ಅಂತ. ಯಾರಿಗೂ ಹೇಳಿಲ್ಲ. ಹೇಳುತ್ತ ಹೇಳುತ್ತ ಬಟ್ಟಲನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದಳು.

ಜೈನಬಿ ನಗತೊಡಗಿದರು. ನಕ್ಕ ರಭಸಕ್ಕೆ ಬಾಯಿಯ ಎಲೆಅಡಿಕೆ ಸೀರೆ ಮೇಲೆ ಬಿತ್ತು. ಕಂಬಕ್ಕೆ ಒರಗಿ ನಕ್ಕರು, ಕೂತು ನಕ್ಕರು. ಆಮೇಲೆ ಹುಡುಗಿಯ ಕೈ ಹಿಡಿದು ಒಳಗೆ ಕರೆದೊಯ್ದು, ಮಗನಿಗೆ ಪೆಟ್ಟಿಗೆ ಬಿಚ್ಚು ಅಂದರು. ಸಾಬರು ಗೊಣಗಿಕೊಂಡೇ ಬಿಚ್ಚಿದರು. ಬಿಚ್ಚಿ ನೋಡಿದರೆ ಅದೇ ಜಾಗದ ಅದೇ ಚಿಪ್ಪಿನ ಮೇಲೆ ಚೀಟಿ ಇಲ್ಲ. ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಪಟ್ಟಿ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು, ಬಿಗಿಯಾಗಿ ಅಂಟಿಕೊಂಡಿದೆ.

"ಇದ್ಯಾವಾಗ ಹಚ್ಚಿದೆ ಅಮ್ಮ?" ಅಂದರು ಸಾಬರು.

"ನೀನು ಒಂದ್ಸಲ ಫ್ಯೂಸ್ ಹಾಕೋಕೆ ಬಿಚ್ಚಿಟ್ಟು ಊಟಕ್ಕೆ ಹೋಗಿದ್ಯಲ್ಲ. ಚೀಟಿ ಬಿದ್ದೋಗಿ ಒಳಗಿನ ಮಾಂಸ ಕಾಣ್ತಿತ್ತು. ಪಾಪ, ಗಾಯ ಆಗೈತೆ ಅಂತ ಹಚ್ಚಿದೆ. ಹೇಳಿದ್ರೆ ಬೈತಿದ್ದೆ."

ಖಾಸಿಂ ಸಾಬರು ಹನ್ನೆರಡು ವರ್ಷದಲ್ಲಿ ಅಷ್ಟು ನಕ್ಕಿರಲಿಲ್ಲವಂತೆ. ಒಂದು ಮನೆಯ ಹೆಣ್ಣು ಕನಿಕರದಿಂದ ಮುಚ್ಚಿದ್ದನ್ನು ಇನ್ನೊಂದು ಮನೆಯ ಹೆಣ್ಣು ಭಕ್ತಿಯಿಂದ ಬಿಚ್ಚಿದ್ದಳು. ಇದರಲ್ಲಿ ಬೈಯುವುದು ಯಾರನ್ನು? ಆದರೆ ಜೈನಬಿ ಒಂದು ಮಾತು ಹೇಳಿದರು. ದೀಪ ಹಚ್ಚಿದ ಮೇಲೆ ಹೆಪ್ಪು ಹೊಸ್ತಿಲು ದಾಟಬಾರದು. ಅತ್ತೆಯ ಕಾಲದಿಂದ ನಡೆದು ಬಂದದ್ದು, ತಾನು ಮುರಿಯುವುದಿಲ್ಲ. ಏನು ಮಾಡುವುದಿದ್ದರೂ ಅಷ್ಟರೊಳಗೆ ಮುಗಿಯಲಿ. ಸೂರ್ಯ ಆಗಲೇ ಜಾಲಿ ಮರದ ನೆತ್ತಿಗೆ ಬಂದಿದ್ದ.

ದ್ಯಾಮಕ್ಕ ಚಿಪ್ಪನ್ನು ಪುಟಾಣಿಯಲ್ಲಿ ಕೂರಿಸಿ ಓದಿಸಿದಳು. ಈ ಸಲ ತೆರೆಯ ತುಂಬ ತರಾವರಿ ಅಕ್ಷರ, ಅಂಕಿ. ಹೊನ್ನೂರಿ ಕೈಮುಗಿದಳು. ತಡಿ ಅಂದಳು ದ್ಯಾಮಕ್ಕ. ಇನ್ನೊಂದು ಸಲ ಓದಿಸಿದಳು. ಮೊದಲ ಓದಿಗೂ ಎರಡನೇ ಓದಿಗೂ ಹದಿನೇಳು ಕಡೆ ವ್ಯತ್ಯಾಸ. ಒಂದೇ ಬಾಯಲ್ಲಿ ಎರಡು ಮಾತು ಬಂದರೆ ಎರಡನ್ನೂ ನಂಬಬಾರದು, ಮೂರು ಸಲ ಓದಿ ಮೂರೂ ಒಂದೇ ಆದರೆ ಮಾತ್ರ ನಿಜ ಎಂಬುದು ಅವಳ ಕಟ್ಟಳೆ. ಚಿಪ್ಪಿನ ಕಾಲುಗಳು ವರ್ಷಗಳಿಂದ ಕಪ್ಪಗಾಗಿದ್ದವು. ಟ್ರಂಕಿನಿಂದ ಪೆನ್ಸಿಲ್ ಅಳಿಸುವ ರಬ್ಬರು ತೆಗೆದು, ಇಪ್ಪತ್ತೆಂಟು ಕಾಲನ್ನೂ ಒಂದೊಂದಾಗಿ, ಎಳೆಮಗುವಿನ ಬೆರಳು ಒರೆಸಿದಂತೆ ಒರೆಸಿದಳು. ಅವಸರ ಮಾಡಲಿಲ್ಲ. ಜಾಲಿ ಮರದ ನೆತ್ತಿಯಿಂದ ಸೂರ್ಯ ಸೊಂಟಕ್ಕೆ ಇಳಿದ.

ಜೈನಬಿ ದೀಪದ ಮುಂದೆ ಬೆಂಕಿಪೊಟ್ಟಣ ಹಿಡಿದು ನಿಂತಿದ್ದರು. ಕಡ್ಡಿ ಗೀರಲಿಲ್ಲ. ಮೇಗಳಪೇಟೆಯಲ್ಲಿ ಆ ಮನೆಯ ದೀಪ ನೋಡಿಕೊಂಡೇ ಮಿಕ್ಕ ಮನೆಗಳು ದೀಪ ಹಚ್ಚುವುದು ರೂಢಿ. ಆ ಮನೆ ಹಚ್ಚಲಿಲ್ಲ, ಪಕ್ಕದ ಮನೆ ಹಚ್ಚಲಿಲ್ಲ, ಬೀದಿಗೆ ಬೀದಿಯೇ ಕಾಯಿತು. "ಯಾಕ್ರೀ ದೊಡ್ಡಮ್ಮ, ಕತ್ಲಾಗ್ತಾ ಐತೆ" ಅಂತ ಯಾರೋ ಕೂಗಿದರು. "ಇನ್ನೂ ಹೊತ್ತೈತೆ ಸುಮ್ನಿರು" ಅಂತ ಜೈನಬಿ ಗದರಿದರು. ಸೂರ್ಯನಿಗೂ ಆ ಗದರಿಕೆ ಕೇಳಿಸಿರಬೇಕು. ಆವತ್ತು ಮೇಗಳಪೇಟೆಯಲ್ಲಿ ಸಂಜೆ ಆಗುವುದು ಅರ್ಧ ಗಳಿಗೆ ತಡವಾಯಿತು ಅನ್ನುತ್ತಾರೆ. ಈಗಲೂ ಅನ್ನುತ್ತಾರೆ.

ಓದಿಸಿದಳು. ಮತ್ತೆ ಓದಿಸಿದಳು. ಮತ್ತೆ ಓದಿಸಿದಳು. ಮೂರೂ ಒಂದೇ.

ಚಿಪ್ ತನ್ನ ಜಾಗಕ್ಕೆ ಮರಳಿತು, ಹೊಸ ಪ್ಲಾಸ್ಟರನ್ನೂ ಹಚ್ಚಿಸಿಕೊಂಡಿತು. ಸಾಬರು ಎದೆ ಹಿಡಿದುಕೊಂಡು ಸ್ವಿಚ್ ಒತ್ತಿದರು. ಅವರ ಪೆಟ್ಟಿಗೆ ಎಂದಿನಂತೆ ಅಕ್ಷರ ಮೂಡಿಸಿತು. ಜೈನಬಿ ಹೊನ್ನೂರಿಯ ಬಟ್ಟಲಿಗೆ ನಿಜವಾದ ಹೆಪ್ಪನ್ನೂ ಒಂದು ಚಮಚ ಹಾಕಿ, ಅವಳು ಹೊಸ್ತಿಲು ದಾಟಿದ ಮೇಲೆ ಕಡ್ಡಿ ಗೀರಿದರು. ಹಿಂದೆಯೇ ಬೀದಿಯ ದೀಪಗಳು ಒಂದರ ಹಿಂದೆ ಒಂದು ಹತ್ತಿಕೊಂಡವು. ಸಾಬರು ಇಬ್ಬರನ್ನೂ ತಮ್ಮ ಸೆಟ್ಟಿನ ಆಟೋದಲ್ಲೇ ಹುಲ್ಲುಗಟ್ಟೆಯ ತನಕ ಬಿಟ್ಟು ಬಂದರಂತೆ. ಊರೊಳಗೆ ಬರಲಿಲ್ಲ, ಏರಿಯ ತುದಿಗೆ ನಿಲ್ಲಿಸಿದರು. ಅವರಿಗೂ ಕಾಲು ಅಂತ ಒಂದಿತ್ತಲ್ಲ.

ಮಾರನೇ ಬೆಳಗ್ಗೆ ದ್ಯಾಮಕ್ಕ ಟ್ರಂಕಿನಿಂದ ಒಂದು ಹೊಸ ಚಿಪ್ ತೆಗೆದಳು. ಇದಕ್ಕೆ ಕಿಟಕಿ ಇರಲಿಲ್ಲ. ಬಿಸಿಲಿಗೆ ಹಾಕಿ ಹಪ್ಪಳದಂತೆ ಒಣಗಿಸಿದರೂ ಇದು ಮರೆಯುವುದಿಲ್ಲ ಅಂದಳು. ಪುಟಾಣಿಯಲ್ಲಿ ಕೂರಿಸಿ, ಹಿಡಿ ಒತ್ತುವ ಹೊತ್ತಿಗೆ ಕೈ ಹಿಂದಕ್ಕೆ ತೆಗೆದು ಹೊನ್ನೂರಿಯನ್ನು ಕರೆದಳು. ಹೊನ್ನೂರಿ ಒತ್ತುವ ಮೊದಲು ಮಾವನ ಕಡೆ ತಿರುಗಿ, ಮೇಗಳಪೇಟೆಯಲ್ಲಿ ಹೇಳಿದ್ದನ್ನು ಇಲ್ಲೂ ಹೇಳಿದಳು. ಚೀಟಿ, ಬಿಸಿಲು, ಒಂಬತ್ತು ದಿನ, ಎಲ್ಲ. ಬೋರಕ್ಕ, ನಾನು ಹೇಳಲಿಲ್ಲವಾ ಅಂತ ಶುರು ಮಾಡಿದಳು. ಪಾಲಯ್ಯ ಕೈಯೆತ್ತಿ ತಡೆದ. ಒಳಗೂ ಹೊರಗೂ ಫಳಫಳ ಅನ್ನಬೇಕು ಅಂದವನು ನಾನು, ಹೇಳಿದ್ದಕ್ಕಿಂತ ಒಂದು ಕೈ ಜಾಸ್ತಿ ಮಾಡಿದ್ದಾಳೆ, ಅಷ್ಟೇ ತಾನೆ ಅಂದ. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. "ವಿಭೂತಿ ಬೇರೆ ಇಟ್ಟಿದ್ದೀಯಲ್ಲವ್ವ, ತಿಥಿ ಮಾಡಿದಂಗೆ."

ಹೊನ್ನೂರಿ ಹಿಡಿ ಒತ್ತಿದಳು. ಪುಟಾಣಿಯ ಹಸಿರು ದೀಪ ಮಿಟುಕಿತು. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಆ ಚಿಪ್ಪನ್ನು ಪೆಟ್ಟಿಗೆಯ ಹೊಟ್ಟೆಯಲ್ಲಿ ಕೂರಿಸಿ ಸ್ವಿಚ್ ಒತ್ತಿದರೆ, ಕಪ್ಪು ಇಟ್ಟಿಗೆಗಳು ಕರಗಿ ಅಕ್ಷರ ಮೂಡಿದವು. ಪೆಟ್ಟಿಗೆ ತನ್ನ ಹೆಸರು ತಾನೇ ಹೇಳಿತು. ಅಂಥ ಗುಡಾಣದಂಥ ಗುರುವಿಗೆ ಎರಡು ಕೋಳಿ ಬೆಲೆಯ ಶಿಷ್ಯ ಪಾಠ ಹೇಳಿಕೊಟ್ಟ ಅಂತ ಪಾಲಯ್ಯ ಅದನ್ನು ಕಣ್ಣಿಗೆ ಒತ್ತಿಕೊಂಡನಂತೆ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಚಿಪ್ಪಿಗೂ ಮೀನು ಬರೆದಾಗಿತ್ತು. ಬೋರಕ್ಕ ನಲ್ಲಿಯ ಹತ್ತಿರ ಹೋಗಿ, ನಮ್ಮ ಸೊಸೆ ಕಾಲಿಟ್ಟಲ್ಲೆಲ್ಲ ಸತ್ತದ್ದೂ ಎದ್ದು ಕೂರುತ್ತೆ ಅಂತ ಹೇಳಿ ಬಂದಳು. ಮೊನ್ನೆ ಬೇರೆ ಹೇಳಿದ್ದೆಯಲ್ಲ ಅಂತ ಯಾರೋ ಕೆಣಕಿದ್ದಕ್ಕೆ, "ಮೊನ್ನೆ ನೋಡಿದ್ದು ಎಡಗಾಲು" ಅಂದಳಂತೆ.

ಅವತ್ತೇ ಸಂಜೆಗೆ ಕೆರೆ ಕೋಡಿ ಬಿತ್ತು. ಏರಿಯ ಉದ್ದಕ್ಕೂ ಜನ. ಹೊತ್ತು ಮುಳುಗಿದ ಮೇಲೆ ಪಾಲಯ್ಯ ಸ್ವಿಚ್ ಹಾಕಿದ. ಎರಡಾಳೆತ್ತರದ ಚೌಕಟ್ಟಿನಲ್ಲಿ ನೀಲಿ ನೀರು ತುಳುಕಿತು. ನೀರಿನಿಂದ ಒಂದು ಕೆಂಪು ಮೀನು ಮೇಲಕ್ಕೆ ಹಾರಿತು, ಗಾಳಿಯಲ್ಲಿ ಬಳುಕಿತು, ಚುಕ್ಕಿ ಚುಕ್ಕಿಯಾಗಿ ಹನಿ ಸಿಡಿಸಿ ಬಿತ್ತು. ಕೆಳಗೆ ಕೆರೆಯ ನೀರಿನಲ್ಲಿ ಇನ್ನೊಂದು ಮೀನು ತಲೆಕೆಳಗಾಗಿ ಹಾರಿತು. ಕೆರೆಯೊಳಗಿನ ಮೀನುಗಳೆಲ್ಲ ನೋಡಲು ಮೇಲೆ ಬಂದವು ಅನ್ನುತ್ತಾರೆ. ಆಗ ಏರಿಯ ಆಚೆ ತುದಿಯಲ್ಲೂ ಬೆಳಕು ಹತ್ತಿತು. ಖಾಸಿಂ ಸಾಬರು ಯಾರೂ ಕರೆಯದೆ ತಮ್ಮ ನವಿಲನ್ನು ತಂದು ನಿಲ್ಲಿಸಿದ್ದರು. ಪಾಲಯ್ಯ ನೋಡಿದ. ತನ್ನ ನವಿಲು ಗರಿ ಬಿಚ್ಚುತ್ತಿದ್ದದ್ದು ಎಡದಿಂದ ಬಲಕ್ಕೆ. ಇದು ಬಲದಿಂದ ಎಡಕ್ಕೆ. ಹನ್ನೆರಡು ವರ್ಷ ಇಬ್ಬರೂ ಒಬ್ಬರದನ್ನೊಬ್ಬರು ನೆಟ್ಟಗೆ ನಿಂತು ನೋಡಿಯೇ ಇರಲಿಲ್ಲ. ಪಾಲಯ್ಯ ಏರಿಯ ಮೇಲೆ ನಡೆಯುತ್ತ ಆ ತುದಿಗೆ ಹೋದ.

ಹೊನ್ನೂರಿ ಮಾತ್ರ ಜನರ ನಡುವೆ ದ್ಯಾಮಕ್ಕನನ್ನು ಹುಡುಕುತ್ತಿದ್ದಳು. ದ್ಯಾಮಕ್ಕ ಇರಲಿಲ್ಲ. ಎಲ್ಲೋ ಡೇರಿಯ ಹಾಲಿನ ತಕ್ಕಡಿ ಮಾತು ಬಿಟ್ಟಿದೆ ಅಂತ ಮಧ್ಯಾಹ್ನದ ಬಸ್ಸಿಗೇ ಹೊರಟುಹೋಗಿದ್ದಳು. ಮೀನು ಹಾರಿದ್ದನ್ನು ಅವಳು ನೋಡಲೇ ಇಲ್ಲ. ಆ ಕಡೆಗೆ ಮತ್ತೆ ಬಂದಳೆಂದು ಹೇಳುವವರೂ ಇಲ್ಲ.

ಈಗ ಪಾಲಯ್ಯನಿಲ್ಲ, ಸಾಬರಿಲ್ಲ. ಆದರೆ ಆ ಸೀಮೆಯ ದೀಪದ ಮನೆಗಳಲ್ಲಿ ದಸರೆಗೆ ಮುಂಚೆ ಒಂದು ಪದ್ಧತಿ ನಡೆಯುತ್ತದೆ. ಆ ವರ್ಷ ಬರೆದ ಹೊಸ ಪಾಠವನ್ನೆಲ್ಲ ಒಂದು ಚಿಪ್ಪಿಗೆ ತುಂಬಿ, ಹಿತ್ತಾಳೆ ಬಟ್ಟಲಲ್ಲಿಟ್ಟು, ಮನೆಯ ಸೊಸೆ ಅದನ್ನು ತಮಗೆ ಯಾರ ಮೇಲೆ ಹೆಚ್ಚು ಪೈಪೋಟಿಯೋ ಆ ಮನೆಗೆ ಕೊಟ್ಟು ಬರುತ್ತಾಳೆ. ಅವರದನ್ನು ತರುತ್ತಾಳೆ. ದೀಪ ಹಚ್ಚುವುದರೊಳಗೆ. ಇದಕ್ಕೆ ದ್ಯಾಮಕ್ಕನ ಹೆಪ್ಪು ಅಂತಲೇ ಹೆಸರು. ಚಿಪ್ಪಿನ ಕಿಟಕಿಗೆ ಚೀಟಿ ಅಂಟಿಸುವವರು ಅಲ್ಲಿ ಯಾರೂ ಇಲ್ಲ, ಎಲ್ಲರೂ ಪ್ಲಾಸ್ಟರೇ ಹಚ್ಚುತ್ತಾರೆ.

ಮತ್ತೆ ಕೆರೆ ಕೋಡಿ ಬೀಳಲಿ, ಬೀಳದಿರಲಿ, ವರ್ಷಕ್ಕೊಂದು ಸಂಜೆ ಹುಲ್ಲುಗಟ್ಟೆಯ ಏರಿಯ ಮೇಲೆ ಆ ಕೆಂಪು ಮೀನು ಹಾರುತ್ತದೆ. ಹೊನ್ನೂರಿ ಮುದುಕಿಯಾಗುವ ತನಕ ಆ ಹೊತ್ತಿಗೆ ಮೀನಿನ ಕಡೆ ನೋಡುತ್ತಿರಲಿಲ್ಲವಂತೆ. ಬೆನ್ನು ತಿರುಗಿಸಿ ಬಸ್ಸಿನ ದಾರಿಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಈಗ ಅವಳ ಮೊಮ್ಮಗನ ಹೆಂಡತಿ ನಿಲ್ಲುತ್ತಾಳೆ. ಬೆಳಕು ಬೆನ್ನ ಮೇಲೆ ಬಿದ್ದು, ಅವಳ ನೆರಳು ದಾರಿಯುದ್ದಕ್ಕೆ ಚಾಚಿಕೊಳ್ಳುತ್ತದೆ. ಅವಳು ಹೊನ್ನೂರಿ ಕೂಗುತ್ತಿದ್ದ ಹಾಗೇ ಕೂಗುತ್ತಾಳೆ:

"ದ್ಯಾಮಕ್ಕ, ಮೀನು ಹಾರ್ತಾ ಐತೆ. ಒಂದ್ಗಳಿಗೆ ಬಂದು ನೋಡಿ ಹೋಗಕ್ಕ."